ಹೇಳಿದ್ದೆಷ್ಟು, ಬಿಟ್ಟದ್ದೆಷ್ಟು?

"ಹೊಸ ಸಂಶೋಧನೆಯಿಂದ ತಿಳಿದುಬಂದಿದೆ." ಬೆಳಗಿನ ಪತ್ರಿಕೆಯನ್ನು ಬಿಡಿಸಿದರೆ ವಾರಕ್ಕೆರಡು ಸಲವಾದರೂ ಈ ವಾಕ್ಯ ನಿಮ್ಮ ಕಣ್ಣಿಗೆ ಬಿದ್ದೇ ಬೀಳುತ್ತದೆ. ಕಾಫಿ ಕುಡಿದರೆ ಗುಂಡಿಗೆಗೆ ಒಳ್ಳೆಯದೆಂದು ಒಂದು ಸೋಮವಾರ ತಿಳಿದುಬಂದಿರುತ್ತದೆ. ಹದಿನೈದು ದಿನ ಕಳೆಯುವುದರೊಳಗೆ ಕೆಟ್ಟದ್ದೆಂದೂ ತಿಳಿದುಬಂದಿರುತ್ತದೆ. ಮನೆಯ ಯಜಮಾನರು ಕೈಯಲ್ಲಿ ಹಿಡಿದ ಲೋಟವನ್ನು ಕುಡಿದು ಕೆಳಗಿಡಬೇಕೋ ಕುಡಿಯದೆ ಕೆಳಗಿಡಬೇಕೋ ಎಂಬ ಧರ್ಮಸಂಕಟಕ್ಕೆ ಸಿಕ್ಕುತ್ತಾರೆ. ಕಾಫಿಯ ಮಾತಾದರೆ ನಕ್ಕು ಬಿಡಬಹುದು. ಆದರೆ ಅದೇ ವಾಕ್ಯ ರಕ್ತದೊತ್ತಡದ ಗುಳಿಗೆಯ ಮೇಲೋ ಮಗುವಿಗೆ ಹಾಕಿಸುವ ಚುಚ್ಚುಮದ್ದಿನ ಮೇಲೋ ಬಂದಾಗ ನಗುವ ಹಾಗಿಲ್ಲ. ಅದನ್ನು ಓದಿ ಮದ್ದನ್ನು ನಿಲ್ಲಿಸಿದವರನ್ನು ನೀವೂ ಕಂಡಿರುತ್ತೀರಿ, ನಾನೂ ಕಂಡಿದ್ದೇನೆ.

ನಾನು ವೈದ್ಯನಲ್ಲ, ವಿಜ್ಞಾನಿಯೂ ಅಲ್ಲ. ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳುವವನು. ವಾಕ್ಯವೊಂದನ್ನು ಬಿಡಿಸಿ, ಅದರಲ್ಲಿ ಏನಿದೆ, ಏನಿಲ್ಲ ಎಂದು ನೋಡುವುದು ನನ್ನ ಕಸುಬು. ವೈದ್ಯಸಂಶೋಧನೆಯನ್ನು ಬರೆದು ತಿಳಿಸುವ ವಿಚಾರದಲ್ಲಿ ನಾನು ಹೇಳಬಹುದಾದದ್ದು ಇಷ್ಟೇ: ಅಲ್ಲಿ ನಡೆಯುವ ಅನರ್ಥಗಳಲ್ಲಿ ಬಹುಪಾಲು ಔಷಧದ ಅನರ್ಥಗಳಲ್ಲ, ವಾಕ್ಯದ ಅನರ್ಥಗಳು.

"ತಿಳಿದುಬಂದಿದೆ" ಎಂಬ ಮಾತನ್ನೇ ನೋಡಿ. ಯಾರಿಗೆ ತಿಳಿಯಿತು? ಯಾರು ತಿಳಿದುಕೊಂಡರು? ಕರ್ತೃಪದವೇ ಇಲ್ಲ. ಎಂಟನೆಯ ತರಗತಿಯ ಹುಡುಗರಿಗೆ ಕಾರಕಗಳ ಪಾಠ ಹೇಳುವಾಗ, ಕ್ರಿಯೆ ಎಲ್ಲಿದೆಯೋ ಅಲ್ಲಿ ಆರು ಪ್ರಶ್ನೆಗಳನ್ನು ಕೇಳಿರಪ್ಪ ಎನ್ನುತ್ತೇವೆ. ಈ ಆರನ್ನೇ ಒಂದು ಔಷಧದ ಪರೀಕ್ಷೆಗೆ ಹಚ್ಚಿ ನೋಡಬಹುದು. ಕರ್ತೃವೆಂದರೆ ಪರೀಕ್ಷೆ ಮಾಡಿದವರು ಯಾರು, ಅದಕ್ಕೆ ಹಣ ಕೊಟ್ಟವರು ಯಾರು ಎಂಬುದು. ಕರ್ಮವೆಂದರೆ ಅವರು ಅಳೆದದ್ದೇನು ಎಂಬುದು. ರಕ್ತದಲ್ಲಿನ ಕೊಬ್ಬನ್ನು ಅಳೆದರೋ, ಬದುಕಿದವರನ್ನೂ ಸತ್ತವರನ್ನೂ ಎಣಿಸಿದರೋ? ಕರಣವೆಂದರೆ ಯಾವ ಮದ್ದಿನಿಂದ, ಎಷ್ಟು ಪ್ರಮಾಣದಿಂದ, ಎಷ್ಟು ದಿನ ಎಂಬುದು. ಸಂಪ್ರದಾನವೆಂದರೆ ಯಾರಿಗೆ ಎಂಬುದು. ಮುದುಕರಿಗೋ, ಬಸುರಿಯರಿಗೋ, ಇಲಿಗಳಿಗೋ? ಇಲಿಗಳಿಗೆ ಎಂಬ ಚತುರ್ಥಿಯನ್ನು ನುಂಗಿಹಾಕಿದ ತಲೆಬರಹಗಳನ್ನು ನಾನು ಲೆಕ್ಕವಿಲ್ಲದಷ್ಟು ಓದಿದ್ದೇನೆ. ಅಧಿಕರಣವೆಂದರೆ ಎಲ್ಲಿ, ಯಾವಾಗ ಎಂಬುದು. ಇನ್ನು ಅಪಾದಾನ. ಮರದ ದೆಸೆಯಿಂದ ಹಣ್ಣು ಬಿದ್ದಿತು ಎಂದು ಉದಾಹರಣೆ ಕೊಡುತ್ತೇವಲ್ಲ, ಆ ಅಗಲಿಕೆಯ ಕಾರಕ. ಪರೀಕ್ಷೆಗೆ ಸೇರಿದ ನೂರು ಮಂದಿಯಲ್ಲಿ ನಡುವೆ ಉದುರಿಹೋದವರೆಷ್ಟು, ಅವರು ಏಕೆ ಬಿಟ್ಟರು? ಎಲ್ಲಕ್ಕಿಂತ ಹೆಚ್ಚಾಗಿ ಮುಚ್ಚಿಹೋಗುವುದು ಈ ಪ್ರಶ್ನೆ. ಮದ್ದು ಒಗ್ಗದೆ ಬಿಟ್ಟುಹೋದವರನ್ನು ಲೆಕ್ಕದಿಂದ ತೆಗೆದು, ಉಳಿದವರಲ್ಲಿ ನೂರಕ್ಕೆ ತೊಂಬತ್ತು ಮಂದಿಗೆ ಗುಣವಾಯಿತು ಎಂದು ಬರೆಯುವುದು, ಕಷ್ಟದ ಹುಡುಗರನ್ನು ಪರೀಕ್ಷೆಗೇ ಕಳುಹಿಸದೆ ನಮ್ಮ ಶಾಲೆಯ ಫಲಿತಾಂಶ ಉತ್ತಮ ಎಂದು ಹೇಳಿದ ಹಾಗೆ. ಈ ಎರಡನೆಯ ಕಲೆಯಲ್ಲಿ ನುರಿತ ಶಾಲೆಗಳುಂಟು. ಅದು ಬೇರೆ ಮಾತು.

ಅರ್ಧ ಹೇಳಿದ್ದರ ಕಥೆಗೆ ಮುಂಚೆ, ಹೇಳದೆಯೇ ಉಳಿದದ್ದರ ಕಥೆಯೊಂದನ್ನು ನೀವು ಕೇಳಬೇಕು.

1980ರಲ್ಲಿ ಇಂಗ್ಲೆಂಡಿನ ವೈದ್ಯರು ಕೆಲವರು ಲಾರ್ಕೆನೈಡ್ ಎಂಬ ಔಷಧವನ್ನು ಪರೀಕ್ಷಿಸಿದರು. ಹೃದಯಾಘಾತವಾದವರಲ್ಲಿ ಗುಂಡಿಗೆಯ ಬಡಿತ ತಾಳ ತಪ್ಪುವುದುಂಟು. ಹೀಗೆ ತಾಳ ತಪ್ಪಿದವರು ಸಾಯುವುದೂ ಹೆಚ್ಚು. ಆದ್ದರಿಂದ ತಾಳವನ್ನು ಸರಿಪಡಿಸಿದರೆ ಪ್ರಾಣ ಉಳಿಯಬೇಕಲ್ಲವೆ? ತರ್ಕ ನೇರವಾಗಿತ್ತು. ನೂರಕ್ಕೆ ತುಸು ಕಡಿಮೆ ರೋಗಿಗಳನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ಔಷಧವನ್ನೂ ಇನ್ನೊಂದು ಪಾಲಿಗೆ ಹುಸಿಮದ್ದನ್ನೂ ಕೊಟ್ಟರು. ಔಷಧ ತಾಳವನ್ನೇನೋ ಸರಿಪಡಿಸಿತು. ಆದರೆ ಹುಸಿಮದ್ದಿನವರಲ್ಲಿ ಒಬ್ಬ ಸತ್ತರೆ, ಔಷಧದವರಲ್ಲಿ ಸತ್ತವರು ಅದಕ್ಕೆ ಎಷ್ಟೋ ಪಾಲು ಹೆಚ್ಚಾಗಿದ್ದರು. ಪರೀಕ್ಷೆ ಚಿಕ್ಕದು, ಇದು ಆಕಸ್ಮಿಕವಿರಬಹುದೆಂದು ವೈದ್ಯರು ಭಾವಿಸಿದರು. ಅಷ್ಟರಲ್ಲಿ ಆ ಔಷಧವನ್ನು ಮುಂದುವರಿಸುವುದನ್ನು ವ್ಯಾಪಾರದ ಕಾರಣಗಳಿಂದ ಕೈಬಿಟ್ಟದ್ದೂ ಆಯಿತು. ಮಾರುಕಟ್ಟೆಗೆ ಬಾರದ ಔಷಧದ ಮೇಲೆ ಲೇಖನವೇಕೆ? ಕಾಗದಗಳು ಪೆಟ್ಟಿಗೆಯಲ್ಲಿ ಉಳಿದವು.

ಅದೇ ಜಾತಿಯ ಬೇರೆ ಔಷಧಗಳು ಮಾತ್ರ ಮಾರುಕಟ್ಟೆಗೆ ಬಂದವು. ಎನ್‌ಕೆನೈಡ್, ಫ್ಲೆಕೆನೈಡ್ ಎಂಬ ಎರಡನ್ನು ಅಮೆರಿಕದಲ್ಲಿ ಬಹುಮಂದಿ ಹೃದ್ರೋಗಿಗಳಿಗೆ ಕೊಡುತ್ತಿದ್ದರು. ಕೊನೆಗೊಮ್ಮೆ ದೊಡ್ಡದೊಂದು ಪರೀಕ್ಷೆ ನಡೆಯಿತು. ಅದನ್ನು ನಡುವೆಯೇ ನಿಲ್ಲಿಸಬೇಕಾಗಿ ಬಂದದ್ದು 1989ರಲ್ಲಿ. ಪೂರ್ಣ ಲೆಕ್ಕ ಅಚ್ಚಾದದ್ದು 1991ರಲ್ಲಿ. ಔಷಧ ತೆಗೆದುಕೊಂಡವರು 755 ಮಂದಿ, ಅವರಲ್ಲಿ ಸತ್ತವರು 63. ಹುಸಿಮದ್ದು ತೆಗೆದುಕೊಂಡವರು 743 ಮಂದಿ, ಅವರಲ್ಲಿ ಸತ್ತವರು 26. ನೂರಕ್ಕೆ ಎಂಟು ಒಂದು ಕಡೆ, ಮೂರೂವರೆ ಇನ್ನೊಂದು ಕಡೆ. ಬಡಿತದ ತಾಳವನ್ನು ಸರಿಪಡಿಸುವ ಮದ್ದು ಬಡಿತವನ್ನೇ ನಿಲ್ಲಿಸುತ್ತಿತ್ತು.

ಇಂಗ್ಲೆಂಡಿನ ಆ ವೈದ್ಯರು ತಮ್ಮ 1980ರ ಕಾಗದಗಳನ್ನು ಹೊರತೆಗೆದು 1993ರಲ್ಲಿ ಪ್ರಕಟಿಸಿದರು. ಅನುಕೂಲವಾದ ಫಲವನ್ನು ಅಚ್ಚುಮಾಡಿ ಉಳಿದದ್ದನ್ನು ಇಟ್ಟುಬಿಡುವ ಪಕ್ಷಪಾತಕ್ಕೆ ತಮ್ಮ ಪರೀಕ್ಷೆಯೇ ಉದಾಹರಣೆಯೆಂದು ಲೇಖನದ ಹೆಸರಿನಲ್ಲಿಯೇ ಹೇಳಿಕೊಂಡರು. ಇದು ದೊಡ್ಡ ಮನಸ್ಸಿನ ಕೆಲಸವೆಂದು ನಾನು ಭಾವಿಸುತ್ತೇನೆ. ಅವರಲ್ಲಿ ಯಾರೂ ಸುಳ್ಳು ಬರೆದಿರಲಿಲ್ಲ. ಬರೆದೇ ಇರಲಿಲ್ಲ, ಅಷ್ಟೇ. ಆದರೆ ಆ 13 ವರ್ಷಗಳಲ್ಲಿ ಅದೇ ಜಾತಿಯ ಮದ್ದನ್ನು ಬರೆದುಕೊಟ್ಟ ವೈದ್ಯನ ಮೇಜಿನ ಮೇಲೆ, ಜೋಕೆ ಎಂದು ಹೇಳುವ ಆ ಕೆಲವು ಪುಟ ಇರಲಿಲ್ಲ.

ಇನ್ನು ಅರ್ಧ ಹೇಳಿದ್ದರ ಕಥೆ. ಇದು 1995ರ ಅಕ್ಟೋಬರಿನದು, ನಡೆದದ್ದು ಬ್ರಿಟನ್ನಿನಲ್ಲಿ. ಸಂತಾನನಿಯಂತ್ರಣಕ್ಕೆ ಹೆಂಗಸರು ನುಂಗುವ ಗುಳಿಗೆಗಳಲ್ಲಿ ಹೊಸ ಬಗೆಯವು, ಕಾಲಿನ ರಕ್ತನಾಳದಲ್ಲಿಯೋ ಶ್ವಾಸಕೋಶದಲ್ಲಿಯೋ ರಕ್ತ ಹೆಪ್ಪುಗಟ್ಟುವ ಅಪಾಯವನ್ನು ಇಮ್ಮಡಿ ಮಾಡುತ್ತವೆ ಎಂದು ಅಲ್ಲಿನ ಔಷಧ ಸುರಕ್ಷತಾ ಸಮಿತಿ ಎಚ್ಚರಿಕೆ ಕೊಟ್ಟಿತು. ಪತ್ರಿಕೆಗಳೂ ದೂರದರ್ಶನವೂ ಅದನ್ನು ಸಾರಿದವು. ಇಮ್ಮಡಿ! ಹೆಂಗಸರು ಹೆದರಿದರು. ಎಷ್ಟೋ ಮಂದಿ ತಿಂಗಳ ನಡುವೆಯೇ ಗುಳಿಗೆಯನ್ನು ನಿಲ್ಲಿಸಿಬಿಟ್ಟರು.

ಇಮ್ಮಡಿ ಎಂಬುದು ಸುಳ್ಳೇನೂ ಅಲ್ಲ. ಆದರೆ ಯಾವುದರ ಇಮ್ಮಡಿ? ಹಳೆಯ ಬಗೆಯ ಗುಳಿಗೆ ತೆಗೆದುಕೊಳ್ಳುವ 7000 ಹೆಂಗಸರಲ್ಲಿ ಒಬ್ಬಳಿಗೆ ಹಾಗೆ ಆಗುತ್ತಿದ್ದರೆ, ಹೊಸ ಬಗೆಯಲ್ಲಿ 7000ಕ್ಕೆ ಇಬ್ಬರಿಗೆ ಆಗುತ್ತಿತ್ತು. ನಮ್ಮ ಶಾಲೆಯಲ್ಲಿ ಹೋದ ವರ್ಷ ಒಬ್ಬ ಹುಡುಗ ನಪಾಸಾಗಿ ಈ ವರ್ಷ ಇಬ್ಬರು ನಪಾಸಾದರು ಎನ್ನೋಣ. "ನಪಾಸಾದವರ ಸಂಖ್ಯೆ ಇಮ್ಮಡಿ" ಎಂದು ಬರೆದರೆ ಯಾವ ತಂದೆತಾಯಿ ತಮ್ಮ ಮಗನನ್ನು ಅಲ್ಲಿಗೆ ಸೇರಿಸಿಯಾರು? ಗುಣಿಸಿದ ಲೆಕ್ಕವನ್ನು ಹೇಳಿ ಮೂಲಧನವನ್ನು ಹೇಳದೆ ಬಿಡುವುದು ಬಡ್ಡಿಯಂಗಡಿಯವನ ಜಾಣತನ. ಆರೋಗ್ಯದ ವಾರ್ತೆಗೆ ಅದು ಸಲ್ಲದು. ಇಲ್ಲಿ ಇನ್ನೊಂದು ಮಾತನ್ನೂ ಬಿಟ್ಟಿದ್ದರು. ಬಸಿರಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಗುಳಿಗೆಯಿಂದ ಬರುವುದಕ್ಕಿಂತ ಹೆಚ್ಚು. ಗುಳಿಗೆ ಬಿಟ್ಟವರಲ್ಲಿ ಹಲವರು ಬಯಸದ ಬಸಿರು ಹೊತ್ತರು. ಮುಂದಿನ ಒಂದು ವರ್ಷದಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಸುಮಾರು 13,000 ಗರ್ಭಪಾತಗಳು ಹೆಚ್ಚಾಗಿ ನಡೆದವೆಂದು ಅಂದಾಜು ಮಾಡಿದ್ದಾರೆ. ಅಪಾಯದಿಂದ ಕಾಪಾಡಬೇಕೆಂದು ಹೊರಟ ವಾಕ್ಯ ಹೆಂಗಸರನ್ನು ಅದಕ್ಕಿಂತ ದೊಡ್ಡ ಅಪಾಯಕ್ಕೆ ನೂಕಿತು.

ಇದೇನೂ ಈ ಕಾಲದ ಕೆಡುಕೆಂದು ತಿಳಿಯಬೇಡಿ. ಹಡಗಿನ ಕಲಾಸಿಗಳನ್ನು ತಿಂಗಳುಗಟ್ಟಲೆ ಕಾಡಿ ಕೊಲ್ಲುತ್ತಿದ್ದ ಸ್ಕರ್ವಿ ರೋಗಕ್ಕೆ ಮದ್ದು ಹುಡುಕಲು, 1747ರಲ್ಲಿ ಜೇಮ್ಸ್ ಲಿಂಡ್ ಎಂಬ ವೈದ್ಯ ಸಾಲ್ಸ್‌ಬರಿ ಎಂಬ ಹಡಗಿನಲ್ಲಿ 12 ರೋಗಿಗಳನ್ನು ಇಬ್ಬಿಬ್ಬರಂತೆ ಆರು ಜೋಡಿ ಮಾಡಿ, ಒಂದೊಂದು ಜೋಡಿಗೆ ಒಂದೊಂದು ಉಪಚಾರ ಮಾಡಿದನು. ಒಂದು ಜೋಡಿಗೆ ಸಮುದ್ರದ ನೀರು, ಪಾಪ! ಇನ್ನೊಂದಕ್ಕೆ ವಿನಿಗರ್. ಕಿತ್ತಳೆ ನಿಂಬೆ ತಿಂದ ಜೋಡಿಯಲ್ಲಿ ಒಬ್ಬ ಆರೇ ದಿನದಲ್ಲಿ ಎದ್ದು ಕೆಲಸಕ್ಕೆ ಹೋದ. ಲಿಂಡ್ 1753ರಲ್ಲಿ ಪುಸ್ತಕ ಬರೆದ. ನಾನೂರು ಪುಟಗಳಿಗೆ ಮೇಲ್ಪಟ್ಟ ಆ ಪುಸ್ತಕದಲ್ಲಿ ಈ ಪರೀಕ್ಷೆಗೆ ಸಿಕ್ಕಿದ ಜಾಗ ಕೆಲವೇ ಪುಟ. ಉಳಿದದ್ದು ರೋಗಕಾರಣದ ವಾದವಿವಾದ. ಬ್ರಿಟಿಷ್ ನೌಕಾಪಡೆ ನಿಂಬೆರಸವನ್ನು ಕ್ರಮವಾಗಿ ಕೊಡಲು ತೊಡಗಿದ್ದು 1795ರಲ್ಲಿ. ಈ ತಡಕ್ಕೆ ಬೇರೆ ಕಾರಣಗಳೂ ಇದ್ದವು. ನಿಂಬೆರಸವನ್ನು ಕುದಿಸಿ ಗಟ್ಟಿಮಾಡಿ ಇಟ್ಟುಕೊಳ್ಳಿ ಎಂದು ಲಿಂಡನೇ ಹೇಳಿದ್ದು ಅದರಲ್ಲಿ ಒಂದು, ಏಕೆಂದರೆ ಕುದಿಸಿದರೆ ಅದರ ಗುಣವೇ ಹೋಗುತ್ತದೆ. ಆದರೂ ಮಾತನ್ನು ಹುದುಗಿಸಿ ಹೇಳುವುದು ಹೇಳದೆ ಬಿಡುವುದರ ತಮ್ಮನೇ ಸರಿ.

ಬರೆವಣಿಗೆಗೆ ನಿಯಮ ಹಾಕುವ ವಿಚಾರದಲ್ಲಿ ನಮ್ಮ ಹಿರಿಯರು ಹಿಂದೆ ಬಿದ್ದವರಲ್ಲ. ಶಾಸ್ತ್ರವನ್ನು ಬರೆಯುವವನಿಗೂ ಓದುವವನಿಗೂ ಬೇಕಾದ ಉಪಾಯಗಳನ್ನು ಅವರು ತಂತ್ರಯುಕ್ತಿಗಳೆಂದು ಕರೆದರು. ಕೌಟಿಲ್ಯನ ಅರ್ಥಶಾಸ್ತ್ರದ ಕೊನೆಯ ಅಧಿಕರಣದಲ್ಲಿ ಇಂಥವು 32. ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ 32. ಚರಕಸಂಹಿತೆಯ ಸಿದ್ಧಿಸ್ಥಾನದಲ್ಲಿ 36. ಮೂರರಲ್ಲಿ ಎರಡು ವೈದ್ಯಗ್ರಂಥಗಳೆಂಬುದನ್ನು ಗಮನಿಸಿ. ಪದದ ಅರ್ಥವನ್ನು ಬಿಡಿಸುವುದು ನಿರ್ವಚನ. ಎದುರಿನವನ ಆಕ್ಷೇಪವನ್ನು ಎತ್ತಿ ಹೇಳುವುದು ಪೂರ್ವಪಕ್ಷ. ಅದಕ್ಕೆ ಉತ್ತರ ಹೇಳಿ ಮುಗಿಸುವುದು ನಿರ್ಣಯ. ಅವುಗಳಲ್ಲಿ ವಾಕ್ಯಶೇಷವೆಂಬುದೊಂದಿದೆ; ಬಾಯಿಬಿಟ್ಟು ಹೇಳದ ಪದವನ್ನು ಸಂದರ್ಭದಿಂದ ಓದುಗ ತುಂಬಿಕೊಳ್ಳುವುದು. ಅಡಿಗೆಮನೆಯಲ್ಲಿ ನಿಂತು "ಕುದಿಯಿತೆ?" ಎಂದು ಕೇಳಿದರೆ ಏನು ಕುದಿಯಿತೆಂದು ಬಿಡಿಸಿ ಹೇಳಬೇಕಾಗಿಲ್ಲ. ಕಾವ್ಯದಲ್ಲಂತೂ ಹೇಳದೆ ಬಿಟ್ಟದ್ದೇ ಸೊಗಸು. ಆದರೆ ಔಷಧದ ವರದಿಯಲ್ಲಿ ವಾಕ್ಯಶೇಷಕ್ಕೆ ಎಡೆಯಿಲ್ಲ. ಪ್ರಮಾಣವೆಷ್ಟೆಂದು ಬರೆಯದೆ ಬಿಟ್ಟರೆ ಓದುವ ವೈದ್ಯ ಅದನ್ನು ಊಹೆಯಿಂದ ತುಂಬಿಕೊಳ್ಳಬೇಕಾಗುತ್ತದೆ. ಊಹೆಯ ಫಲ ಉಣ್ಣುವವನು ರೋಗಿ.

ಆಧುನಿಕರು ತಮ್ಮ ತಂತ್ರಯುಕ್ತಿಗಳನ್ನು ಕಟ್ಟಿಕೊಂಡದ್ದು ತೀರ ಈಚೆಗೆ. ಔಷಧಪರೀಕ್ಷೆಯ ವರದಿಯಲ್ಲಿ ಇರಲೇಬೇಕಾದ ಅಂಶಗಳ ಪಟ್ಟಿಯೊಂದು 1996ರಲ್ಲಿ ಹೊರಬಂತು. ಕನ್ಸಾರ್ಟ್ ಎಂದು ಅದರ ಹೆಸರು. 2001ರಲ್ಲಿ ತಿದ್ದಿದರು, 2010ರಲ್ಲಿ ಮತ್ತೆ ತಿದ್ದಿ 25 ಅಂಶಗಳನ್ನಿಟ್ಟರು, 2025ರ ಹೊಸ ಪಟ್ಟಿಯಲ್ಲಿ 30 ಅಂಶಗಳಿವೆ. ಪರೀಕ್ಷೆಯನ್ನು ಹೀಗೆ ಮಾಡಿ ಎಂದು ಅದು ಹೇಳುವುದಿಲ್ಲ. ಮಾಡಿದ್ದನ್ನು ಮಾಡಿದ ಹಾಗೆ ಬರೆಯಿರಿ ಎನ್ನುತ್ತದೆ. ನನಗೆ ಅದರಲ್ಲಿ ಹಿಡಿಸಿದ್ದು ಒಂದು ನಕ್ಷೆ. ಮೊದಲು ನೋಡಿದವರು ಇಷ್ಟು ಮಂದಿ, ಅವರಲ್ಲಿ ಬೇಡವೆಂದು ಬಿಟ್ಟವರು ಇಷ್ಟು, ಚೀಟಿ ಎತ್ತಿದಂತೆ ಈ ಪಾಲಿಗೆ ಬಂದವರು ಇಷ್ಟು, ಆ ಪಾಲಿಗೆ ಇಷ್ಟು, ನಡುವೆ ಬಿಟ್ಟುಹೋದವರು ಇಷ್ಟು, ಕೊನೆಗೆ ಲೆಕ್ಕಕ್ಕೆ ಹಿಡಿದವರು ಇಷ್ಟು ಎಂದು, ವಂಶವೃಕ್ಷದ ಹಾಗೆ ಮೇಲಿನಿಂದ ಕೆಳಕ್ಕೆ ಬಿಡಿಸಿದ ಚಿತ್ರ. ಅಪಾದಾನ ಕಾರಕಕ್ಕೆ ಇದಕ್ಕಿಂತ ಒಳ್ಳೆಯ ಚಿತ್ರವನ್ನು ವ್ಯಾಕರಣದ ಪುಸ್ತಕದಲ್ಲಿಯೂ ನಾನು ಕಂಡಿಲ್ಲ.

ನಮ್ಮ ದೇಶದಲ್ಲಿಯೂ ಒಂದು ವ್ಯವಸ್ಥೆಯಾಗಿದೆ. ಔಷಧಪರೀಕ್ಷೆಗಳ ರಾಷ್ಟ್ರೀಯ ದಾಖಲೆ ಪುಸ್ತಕವೊಂದು 2007ರ ಜುಲೈಯಲ್ಲಿ ಆರಂಭವಾಯಿತು. 2009ರ ಜೂನ್ ತಿಂಗಳಿನಿಂದ, ಮೊದಲನೆಯ ರೋಗಿಯನ್ನು ಸೇರಿಸಿಕೊಳ್ಳುವ ಮುಂಚೆಯೇ ಅದರಲ್ಲಿ ಬರೆಸುವುದು ಕಡ್ಡಾಯವಾಯಿತು. ಏನನ್ನು ಅಳೆಯುತ್ತೇವೆ, ಎಷ್ಟು ಮಂದಿಯನ್ನು ಸೇರಿಸುತ್ತೇವೆ ಎಂದು ಮೊದಲೇ ಹೇಳಬೇಕು. ಇದರ ಪ್ರಯೋಜನ ಮೇಷ್ಟರಾದವರಿಗೆ ಬೇಗ ತಿಳಿಯುತ್ತದೆ. ತನಗೆ ಬರುವ ಉತ್ತರವನ್ನು ಮೊದಲು ಬರೆದು, ಅದಕ್ಕೆ ಹೊಂದುವ ಪ್ರಶ್ನೆಯ ಸಂಖ್ಯೆಯನ್ನು ಆಮೇಲೆ ಅಂಚಿನಲ್ಲಿ ಹಾಕುವ ಹುಡುಗರಿರುತ್ತಾರಲ್ಲ, ಆ ಕೆಲಸಕ್ಕೆ ಇಲ್ಲಿ ಅವಕಾಶವಿಲ್ಲ. ಪ್ರಶ್ನೆ ಮೊದಲೇ ಅಚ್ಚಾಗಿರುತ್ತದೆ. ಆ ಪುಸ್ತಕವನ್ನು ಯಾರು ಬೇಕಾದರೂ ದುಡ್ಡು ಕೊಡದೆ ಕಂಪ್ಯೂಟರಿನಲ್ಲಿ ತೆರೆದು ನೋಡಬಹುದು.

ಪೂರ್ತಿ ಬರೆದ ವರದಿ ಏನು ಮಾಡಬಲ್ಲುದೆಂಬುದಕ್ಕೆ ನಮ್ಮ ಪಕ್ಕದ ಮದರಾಸಿನಿಂದಲೇ ಒಂದು ದೃಷ್ಟಾಂತವಿದೆ. ಈ ಮಾತನ್ನು ನಾನು ಸ್ವಲ್ಪ ವಿಸ್ತರಿಸಿ ಹೇಳುತ್ತೇನೆ.

ಕ್ಷಯವೆಂದರೆ ಮನೆಯಿಂದ ದೂರ ಸ್ಯಾನಟೋರಿಯಂ ಎಂಬ ಕಾಲವೊಂದಿತ್ತು. ಶುದ್ಧವಾದ ಗಾಳಿ, ಪುಷ್ಟಿಯಾದ ಆಹಾರ, ತಿಂಗಳುಗಟ್ಟಲೆ ವಿಶ್ರಾಂತಿ. ಮೈಸೂರಿನಲ್ಲಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಸ್ಯಾನಟೋರಿಯಂ ನಿಮ್ಮಲ್ಲಿ ಹಲವರಿಗೆ ಗೊತ್ತಿರುವುದೇ. ಆದರೆ ದೇಶದಲ್ಲಿದ್ದ ಹಾಸಿಗೆಗಳು ರೋಗಿಗಳ ಸಂಖ್ಯೆಯ ಮುಂದೆ ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಹಾಸಿಗೆ ಸಿಕ್ಕದವರು ಮನೆಯಲ್ಲಿ ಕೆಮ್ಮುತ್ತಲೇ ಇರಬೇಕಾಗಿತ್ತು. ಹೊಸ ಮದ್ದುಗಳು ಬಂದಮೇಲೆ ಒಂದು ಪ್ರಶ್ನೆ ಹುಟ್ಟಿತು: ಈ ಮದ್ದನ್ನು ಮನೆಯಲ್ಲಿಯೇ ಕೊಟ್ಟರೆ ಸಾಲದೆ? ಸಾಲದು ಎನ್ನುವವರೇ ಹೆಚ್ಚು. ಬಡವರ ಮನೆ, ಒಂದೇ ಕೋಣೆ, ಹೊಟ್ಟೆಗಿಲ್ಲ, ಮಕ್ಕಳಿಗೂ ಅಂಟುತ್ತದೆ ಎಂಬುದು ಅವರ ಪೂರ್ವಪಕ್ಷ.

1956ರಲ್ಲಿ ಮದರಾಸಿನಲ್ಲಿ ಕ್ಷಯಚಿಕಿತ್ಸೆಯ ಸಂಶೋಧನಾ ಕೇಂದ್ರವೊಂದನ್ನು ತೆರೆದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿ, ಮದರಾಸು ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ, ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಲಿ ಈ ನಾಲ್ಕೂ ಕೂಡಿ ಮಾಡಿದ ಕೆಲಸ ಅದು. ಊರಿನ ಬಡಕುಟುಂಬಗಳ 193 ರೋಗಿಗಳನ್ನು, ವೈದ್ಯರ ದಾಕ್ಷಿಣ್ಯಕ್ಕೂ ರೋಗಿಯ ಇಷ್ಟಕ್ಕೂ ಬಿಡದೆ, ಚೀಟಿ ಎತ್ತಿದಂತೆ ಎರಡು ಪಾಲು ಮಾಡಿದರು. ಒಂದು ಪಾಲು ಸ್ಯಾನಟೋರಿಯಂಗೆ ಹೋಯಿತು, ಇನ್ನೊಂದು ಮನೆಯಲ್ಲಿಯೇ ಉಳಿಯಿತು. ಇಬ್ಬರಿಗೂ ಒಂದು ವರ್ಷ ಒಂದೇ ಮದ್ದು, ಐಸೊನಯಾಜಿಡ್ ಮತ್ತು ಪಿ.ಎ.ಎಸ್.

ಇದರ ವರದಿ 1959ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಬಂದಾಗ ತೊಂಬತ್ತು ಪುಟಗಳನ್ನು ಮೀರಿತ್ತು. ಅಷ್ಟೊಂದು ಪುಟ ಏಕೆ? ಏಕೆಂದರೆ ಅವರು ಏನನ್ನೂ ಓದುಗನ ಊಹೆಗೆ ಬಿಡಲಿಲ್ಲ. ಮನೆಯವರು ಏನು ಉಂಡರು, ಸ್ಯಾನಟೋರಿಯಂನವರು ಏನು ಉಂಡರು ಎಂದು ಬರೆದರು. ಮನೆಯವರ ಊಟ ಬಹಳ ಕೀಳಾಗಿತ್ತೆಂಬುದನ್ನು ಮುಚ್ಚಲಿಲ್ಲ. ಮನೆಯವರ ತೂಕ ಅಷ್ಟಾಗಿ ಏರಲಿಲ್ಲವೆಂದೂ ಬರೆದರು. ಕೊಟ್ಟ ಮದ್ದನ್ನು ನುಂಗಿದರೋ ಕಿಟಕಿಯಿಂದ ಎಸೆದರೋ ಎಂದು ಮೂತ್ರಪರೀಕ್ಷೆ ಮಾಡಿ ನೋಡಿ, ಅದನ್ನೂ ಬರೆದರು. ಫಲದ ವಿಚಾರದಲ್ಲಿಯೂ ಹಾಗೆಯೇ. ವರ್ಷದ ಕೊನೆಗೆ ಕಫದಲ್ಲಿ ರೋಗಾಣು ಅಡಗಿದ್ದವರು ಮನೆಯಲ್ಲಿ ನೂರಕ್ಕೆ 86, ಸ್ಯಾನಟೋರಿಯಂನಲ್ಲಿ ನೂರಕ್ಕೆ 92. ತಮ್ಮ ವಾದಕ್ಕೆ ತುಸು ಅಡ್ಡ ಬರುವ ಈ ವ್ಯತ್ಯಾಸವನ್ನು ಅವರು ಸುತ್ತಿ ಬಳಸಿ ಹೇಳಲಿಲ್ಲ, ಎರಡು ಅಂಕಿಗಳನ್ನೂ ಪಕ್ಕಪಕ್ಕದಲ್ಲಿ ಇಟ್ಟರು. ಮನೆಯ ಮಂದಿಗೆ ಅಂಟಿತೆ ಎಂಬ ದೊಡ್ಡ ಭಯವಿತ್ತಲ್ಲ, ಅದಕ್ಕಾಗಿ ಎರಡು ಪಾಲಿನವರ ಮನೆಮಂದಿಯನ್ನೂ ಎಕ್ಸ್‌ರೇ ತೆಗೆದು ನೋಡಿದರು. ಮನೆಯಲ್ಲಿಯೇ ರೋಗಿಯನ್ನಿಟ್ಟುಕೊಂಡವರಿಗೆ ಅದರಿಂದ ಹೆಚ್ಚಿನ ಅಪಾಯ ಕಾಣಲಿಲ್ಲ. ಅಂಟುವುದಿದ್ದರೆ ಅದು ಮದ್ದು ಮೊದಲಾಗುವ ಮುನ್ನವೇ ಅಂಟಿರುತ್ತಿತ್ತು. ಅದೇ ರೋಗಿಗಳನ್ನು ಐದು ವರ್ಷ ಬಿಡದೆ ಹಿಂಬಾಲಿಸಿ 1966ರಲ್ಲಿ ಮತ್ತೊಂದು ವರದಿ ಬರೆದರು. ಆಗ ಎರಡು ಪಾಲಿಗೂ ವ್ಯತ್ಯಾಸವೆಂಬುದು ಉಳಿದಿರಲಿಲ್ಲ.

ಈ ಹೊತ್ತು ನಿಮ್ಮ ಬೀದಿಯಲ್ಲಿ ಯಾರಿಗಾದರೂ ಕ್ಷಯವೆಂದು ಗೊತ್ತಾದರೆ, ಅವರು ಮನೆಯಲ್ಲಿಯೇ ಇದ್ದುಕೊಂಡು ಮದ್ದು ತೆಗೆದುಕೊಳ್ಳುತ್ತಾರೆ. 1959ರಲ್ಲಿ ಆರಂಭವಾದ ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ದೇಶಕ್ಕೆಲ್ಲ ಹೊಂದುವ ಯೋಜನೆಯನ್ನು ರೂಪಿಸಿದಾಗ, ಮನೆಯಲ್ಲಿಯೇ ಚಿಕಿತ್ಸೆ ಎಂಬುದನ್ನು ಅದರ ಅಡಿಗಲ್ಲಾಗಿ ಇಡಲು ಧೈರ್ಯ ಬಂದದ್ದು ಈ ತೊಂಬತ್ತು ಪುಟಗಳಿಂದ. "ಮದರಾಸಿನ ಪ್ರಯೋಗ ಸಫಲವಾಗಿದೆಯೆಂದು ತಿಳಿದುಬಂದಿದೆ" ಎಂಬ ಒಂದು ಸಾಲು ಬಂದಿದ್ದರೆ ಯಾರು ನಂಬುತ್ತಿದ್ದರು? ಅದೇ ಸಂಸ್ಥೆಯವರು ನಮ್ಮ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ನಡೆಸಿದ ವಿಚಾರಣೆಯ ವರದಿ 1963ರಲ್ಲಿ ಬಂತು. ಹಳ್ಳಿಯವರಿಗೆ ರೋಗದ ಅರಿವಿಲ್ಲ ಎಂಬ ಮಾತು ಆಗ ಎಲ್ಲರ ಬಾಯಲ್ಲೂ ಇತ್ತು. ರೋಗಿಗಳನ್ನೇ ಕೂರಿಸಿ ಕೇಳಿ ಬರೆದುಕೊಂಡರೆ, ಅವರಲ್ಲಿ ಸುಮಾರು ಅರ್ಧದಷ್ಟು ಮಂದಿ ತಾವಾಗಿಯೇ ವೈದ್ಯರ ಬಳಿಗೆ ಹೋಗಿ, ಕೆಮ್ಮಿನ ಔಷಧದ ಸೀಸೆ ಹಿಡಿದು ಹಿಂದಿರುಗಿದವರು! ಕುರುಡು ಹಳ್ಳಿಯದಲ್ಲ ಎಂಬುದು ಬರೆದ ಮೇಲೆ ಕಂಡಿತು.

ಇಷ್ಟನ್ನು ಕೇಳಿದಮೇಲೆ, ಮನೆಯಲ್ಲಿ ಕುಳಿತ ನಾವು ತೊಂಬತ್ತು ಪುಟ ಓದಲಾದೀತೆ ಎಂದು ನೀವು ಕೇಳುವುದು ನ್ಯಾಯವೇ. ಓದಬೇಕಾಗಿಲ್ಲ. ವಾರ್ತೆಯನ್ನು ಕೇಳಿದಾಗ, ಕೈಯಲ್ಲಿನ ಫೋನಿಗೆ ಭಾವಮೈದುನರು ಕಳುಹಿಸಿದ ಸಂದೇಶವನ್ನು ಓದಿದಾಗ, ಆ ಆರು ಕಾರಕಗಳನ್ನು ಒಮ್ಮೆ ಮನಸ್ಸಿನಲ್ಲಿ ತಿರುವಿ ಹಾಕಿ. ಯಾರು ಮಾಡಿದರು ಎಂದಿಲ್ಲದಿದ್ದರೆ ಅನುಮಾನಿಸಿ. ಯಾರಿಗೆ ಎಂದಿಲ್ಲದಿದ್ದರೆ ಇಲಿ ಎಂದು ತಿಳಿದುಕೊಳ್ಳಿ, ಮೋಸವಾಗುವುದಿಲ್ಲ. ಇಮ್ಮಡಿ, ಮುಮ್ಮಡಿ, ಅರ್ಧಕ್ಕರ್ಧ ಎಂದು ಬಂದರೆ ಎಷ್ಟರ ಇಮ್ಮಡಿ ಎಂದು ಕೇಳಿ. ಹುಸಿಮದ್ದಿನ ಪಾಲಿನವರಿಗೆ ಏನಾಯಿತೆಂದು ಹೇಳದೆ, ಮದ್ದಿನವರು ಗುಣವಾದರು ಎಂದಷ್ಟೇ ಹೇಳಿದರೆ, ನೆಗಡಿ ಮದ್ದು ತೆಗೆದುಕೊಂಡರೂ ವಾರಕ್ಕೆ ಹೋಗುತ್ತದೆ, ತೆಗೆದುಕೊಳ್ಳದಿದ್ದರೂ ವಾರಕ್ಕೆ ಹೋಗುತ್ತದೆ ಎಂಬುದನ್ನು ನೆನೆಯಿರಿ. ಒಂದು ಮಾತನ್ನು ಮಾತ್ರ ಕೈಮುಗಿದು ಹೇಳುತ್ತೇನೆ: ಪತ್ರಿಕೆಯ ಒಂದು ಸಾಲನ್ನು ಓದಿ, ನಿತ್ಯ ನುಂಗುವ ಮದ್ದನ್ನು ನೀವಾಗಿ ನಿಲ್ಲಿಸಬೇಡಿ, ಇನ್ನೊಬ್ಬರ ಮದ್ದನ್ನು ನೀವಾಗಿ ನುಂಗಲೂ ಬೇಡಿ. ಆ ಸಾಲನ್ನು ಕತ್ತರಿಸಿಟ್ಟುಕೊಂಡು ನಿಮ್ಮ ಡಾಕ್ಟರರ ಮುಂದಿಟ್ಟು ಕೇಳಿ. ಕೇಳಿದರೆ ಸಿಟ್ಟಾಗುವ ಡಾಕ್ಟರು ಕಡಿಮೆ, ಆದರೂ ಚಿಂತೆಯಿಲ್ಲ.

ಪತ್ರಿಕೆಯವರನ್ನೂ ನಮ್ಮ ಆಕಾಶವಾಣಿಯವರನ್ನೂ ನಾನು ದೂರುತ್ತಿಲ್ಲ. ಎರಡು ನಿಮಿಷದ ವಾರ್ತೆಯಲ್ಲಿ ನಕ್ಷೆ ಬಿಡಿಸಲಾಗದು. ಆದರೆ "ಏಳು ಸಾವಿರಕ್ಕೆ ಒಬ್ಬರಿದ್ದದ್ದು ಇಬ್ಬರಾಗಿದೆ" ಎಂದು ಹೇಳಲು ಹಿಡಿಯುವ ಹೊತ್ತು "ಇಮ್ಮಡಿಯಾಗಿದೆ" ಎಂದು ಹೇಳುವುದಕ್ಕಿಂತ ಎರಡು ಉಸಿರು ಹೆಚ್ಚು, ಅಷ್ಟೇ. ಹೇಳಿದವರು ಬಾಯಿ ಮುಚ್ಚುವುದರೊಳಗೆ ಕೇಳಿದವರ ಮನೆಯಲ್ಲಿ ನಿರ್ಧಾರವಾಗಿಬಿಟ್ಟಿರುತ್ತದೆ.

ಕೊನೆಗೆ, ಹೇಳಲು ಕಷ್ಟವಾದದ್ದನ್ನು ಹೇಳಿದವರ ಮಾತೊಂದಿದೆ. ಕ್ಷಯವನ್ನು ತಡೆಯಲು ಬಿ.ಸಿ.ಜಿ. ಚುಚ್ಚುಮದ್ದನ್ನು ದೇಶದ ಉದ್ದಗಲಕ್ಕೂ ಹಾಕುತ್ತಿದ್ದ ಕಾಲದಲ್ಲಿಯೇ, ಅದು ನಿಜವಾಗಿ ಎಷ್ಟು ಕಾಪಾಡುತ್ತದೆಂದು ನೋಡಲು 1968ರಲ್ಲಿ ಮದರಾಸಿನ ಪಕ್ಕದ ಚೆಂಗಲ್‌ಪಟ್ಟು ಜಿಲ್ಲೆಯಲ್ಲಿ ಪರೀಕ್ಷೆಯೊಂದನ್ನು ಮೊದಲುಮಾಡಿದರು. ಮೂರೂವರೆ ಲಕ್ಷಕ್ಕೆ ಮೇಲ್ಪಟ್ಟ ಜನಸಂಖ್ಯೆಯಲ್ಲಿ ನಡೆದ ಪರೀಕ್ಷೆ. ಅದಕ್ಕಿಂತ ದೊಡ್ಡ ಬಿ.ಸಿ.ಜಿ. ಪರೀಕ್ಷೆ ಬೇರೆ ನಡೆದಿರಲಿಲ್ಲ. ಕೆಲವರಿಗೆ ನಿಜವಾದ ಲಸಿಕೆ, ಕೆಲವರಿಗೆ ಹುಸಿಲಸಿಕೆ. ಫಲ ಚೆನ್ನಾಗಿರುತ್ತದೆಂದು ಎಲ್ಲರೂ ಎದುರುನೋಡುತ್ತಿದ್ದರು. ದೊಡ್ಡವರಿಗೆ ಬರುವ ಶ್ವಾಸಕೋಶದ ಕ್ಷಯವನ್ನು ಆ ಲಸಿಕೆ ತಡೆಯಲಿಲ್ಲ. ಏಳೂವರೆ ವರ್ಷದ ಲೆಕ್ಕವನ್ನು 1979ರಲ್ಲಿ ಅವರು ಇದ್ದದ್ದು ಇದ್ದ ಹಾಗೆ ಅಚ್ಚುಮಾಡಿದರು. ಸರ್ಕಾರದ ಕಾರ್ಯಕ್ರಮಕ್ಕೆ ಇದು ಹಿತವಾದ ಸುದ್ದಿಯಲ್ಲ. ಆದರೂ ಕಾಗದಗಳು ಪೆಟ್ಟಿಗೆಗೆ ಹೋಗಲಿಲ್ಲ. 15 ವರ್ಷ ಹಿಂಬಾಲಿಸಿದ ಪೂರ್ಣ ಲೆಕ್ಕವೂ 1999ರಲ್ಲಿ ಬಂತು; ಅದರಲ್ಲಿಯೂ ಫಲ ಬದಲಾಗಿರಲಿಲ್ಲ. ಬೇರೆ ಕಡೆ ನಡೆದ ಅಧ್ಯಯನಗಳು, ಎಳೆಯ ಮಕ್ಕಳಿಗೆ ಬರುವ ಮಿದುಳುಪೊರೆಯ ಕ್ಷಯದಂಥ ಘೋರರೂಪಗಳನ್ನು ಅದೇ ಲಸಿಕೆ ತಡೆಯುತ್ತದೆಂದು ತೋರಿಸಿದ್ದವು. ಆ ವರದಿಗಳನ್ನೂ ಈ ವರದಿಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಲು ಸಾಧ್ಯವಾದ್ದರಿಂದ, ನಿಮ್ಮ ಮನೆಯಲ್ಲಿ ಹುಟ್ಟಿದ ಮಗುವಿಗೆ ಆಸ್ಪತ್ರೆಯಲ್ಲಿ ಎಡತೋಳಿಗೆ ಬಿ.ಸಿ.ಜಿ. ಹಾಕುತ್ತಾರೆ, ಆ ಮಗುವಿನ ತಾತನಿಗೆ ಹಾಕುವ ವಾಡಿಕೆ ಬಹುಕಾಲ ಇರಲಿಲ್ಲ.